ಅಂಚೆ ಮನೆಗೆ ಬಂದ ಬಗೆ

ಕಾಸರಗೋಡು ಪೇಟೆಯ ಒಂದು ಓಣಿಯಲ್ಲಿ ಹನ್ನೊಂದು ಮಂದಿ ದುಡಿಯುವ ಸಣ್ಣ ಮುದ್ರಣಾಲಯವೊಂದಿದೆ. ಈಗಿನ ಯಜಮಾನರ ತಂದೆಯವರು ಅಚ್ಚುಮೊಳೆಗಳ ಕಾಲದಲ್ಲಿ ಅದನ್ನು ಆರಂಭಿಸಿದರು. ಮದುವೆಯ ಕರೆಯೋಲೆ, ಬಯಲಾಟದ ಕರಪತ್ರ, ಸಹಕಾರಿ ಸಂಘದ ವರದಿ, ಶಾಲೆಗಳ ವಾರ್ಷಿಕ ಸಂಚಿಕೆ ಇವು ಅದರ ಅನ್ನದ ದಾರಿ. ವರ್ಷಕ್ಕೆ ನಾಲ್ಕೈದು ಕನ್ನಡ ಪುಸ್ತಕಗಳು ಅದರ ಮರ್ಯಾದೆಯ ದಾರಿ. ಸಪ್ತಭಾಷೆಗಳ ನೆಲವೆಂದು ಹೆಸರಾದ ಊರಾದ್ದರಿಂದ ಅಲ್ಲಿಗೆ ಬರುವ ಕಾಗದಗಳಿಗೂ ಭಾಷೆ ಒಂದಲ್ಲ. ಕನ್ನಡದ ಹಸ್ತಪ್ರತಿಯೊಂದರ ಬೆನ್ನಿಗೇ ಪಂಚಾಯತಿಯ ಮಲಯಾಳದ ಪತ್ರ ಬರುತ್ತದೆ, ಅದರ ಬೆನ್ನಿಗೆ ಕನ್ನಡ ಲಿಪಿಯಲ್ಲಿ ಬರೆದ ತುಳುವಿನದೋ ಕೊಂಕಣಿಯದೋ ಒಂದು ಆಮಂತ್ರಣ. ತಂದೆಯವರ ಕಾಲದಲ್ಲಿ ಇವೆಲ್ಲ ಮೇಜಿನ ಪಕ್ಕದಲ್ಲಿ ತೂಗುತ್ತಿದ್ದ ಕೊಕ್ಕೆಯ ತಂತಿಗೆ ಪೋಣಿಸಲ್ಪಡುತ್ತಿದ್ದವು. ವರ್ಷ ತುಂಬಿದಾಗ ಅವನ್ನು ಬಿಡಿಸಿ, ನೂಲಿನಿಂದ ಕಟ್ಟಿ, ಅಟ್ಟಕ್ಕೆ ಏರಿಸುವುದು ಪದ್ಧತಿ. ಆ ಕಟ್ಟುಗಳು ಈಗಲೂ ಅಟ್ಟದಲ್ಲಿವೆ. ಅರ್ಧಕ್ಕರ್ಧವನ್ನು ಗೆದ್ದಲು ತಿಂದಿದೆ ಎಂಬುದನ್ನೂ ಹೇಳಬೇಕು.

2009ರಲ್ಲಿ ಮುದ್ರಣಾಲಯವು ತನ್ನದೇ ಹೆಸರಿನ ಡೊಮೈನ್ ಒಂದನ್ನು ಪಡೆದು, ದೊಡ್ಡ ಕಂಪನಿಯೊಂದು ಸಣ್ಣ ಸಂಸ್ಥೆಗಳಿಗೆ ಉಚಿತವಾಗಿ ಕೊಡುತ್ತಿದ್ದ ಮಿಂಚಂಚೆಯ ಸೇವೆಗೆ ಸೇರಿಕೊಂಡಿತು. ಒಟ್ಟು ಒಂಬತ್ತು ವಿಳಾಸಗಳು. ಯಜಮಾನರಿಗೊಂದು, ಲೆಕ್ಕಪತ್ರಕ್ಕೊಂದು, ವಿನ್ಯಾಸಕ್ಕೊಂದು, ಕರಡು ತಿದ್ದುವವರಿಗಾಗಿ ‘ಕರಡು’ ಎಂಬ ಹೆಸರಿನದೊಂದು, ಹೀಗೆ. ಹದಿಮೂರು ವರ್ಷ ಪತ್ರಗಳು ಬಂದವು, ಹೋದವು. ಅವು ಎಲ್ಲಿ ಉಳಿಯುತ್ತವೆ ಎಂದು ಯಾರೂ ಕೇಳಲಿಲ್ಲ. ಆ ಉಚಿತ ಸೇವೆಯ ಬಾಗಿಲನ್ನು ಹೊಸಬರಿಗೆ 2012ರ ಡಿಸೆಂಬರಿನಲ್ಲಿಯೇ ಮುಚ್ಚಲಾಗಿತ್ತು. 2022ರ ಜನವರಿಯಲ್ಲಿ ಹಳಬರಿಗೂ ಸೂಚನೆ ಬಂತು: ಇನ್ನು ಮುಂದೆ ವಿಳಾಸವೊಂದಕ್ಕೆ ತಿಂಗಳಿಗೆ ಇಷ್ಟು ಎಂದು ಶುಲ್ಕ ಕೊಡಬೇಕು. ಯಜಮಾನರು ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿ, ಒಂಬತ್ತು ಬೇಡ, ನಾಲ್ಕು ಸಾಕು ಎಂದು ತೀರ್ಮಾನಿಸಿದರು. ಒಂದು ಶನಿವಾರ ಮಧ್ಯಾಹ್ನ ಉಳಿದ ಐದನ್ನು ಅಳಿಸಲಾಯಿತು. ‘ಕರಡು’ ಆ ಐದರಲ್ಲಿ ಒಂದು. ಕರಡು ತಿದ್ದುತ್ತಿದ್ದ ಹಿರಿಯರು ಅದಾಗಲೇ ನಿವೃತ್ತರಾಗಿದ್ದರು. ಆ ಪೆಟ್ಟಿಗೆಯನ್ನು ತಿಂಗಳುಗಳಿಂದ ಯಾರೂ ತೆರೆದಿರಲಿಲ್ಲ. ಅಳಿಸಿದ ಖಾತೆಯನ್ನು ಕಂಪನಿಯು ಇಪ್ಪತ್ತು ದಿನ ಕಾದಿರಿಸುತ್ತದೆ. ಆ ಮೇಲೆ ಅದರಲ್ಲಿದ್ದುದು ಇಲ್ಲ.

ಆ ಪೆಟ್ಟಿಗೆಯೊಳಗೆ ಏನಿತ್ತು ಎಂಬುದು ತಿಳಿದದ್ದು ಬಹಳ ತಡವಾಗಿ. ಗಡಿಯ ಒಂದು ಹಳ್ಳಿಯ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ನೀರಿನ ಕುರಿತು ಪುಸ್ತಕ ಬರೆದಿದ್ದರು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ಒಸರಿನ ನೀರನ್ನು ಹೊರಗೆ ಹರಿಸುವ ಸುರಂಗಗಳು, ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳಿಂದ ಊರವರೇ ಕಟ್ಟುವ ಕಟ್ಟಗಳು, ಇವು ಅದರ ವಿಷಯ. ಕಟ್ಟವೆಂಬುದು ಆ ಒಂದು ಬೇಸಗೆಯ ಮಟ್ಟಿಗಿನ ಒಡ್ಡು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಬೇಕಾಗುತ್ತದೆ. ಅಕ್ಷರ ಜೋಡಿಸಿದ ಹುಡುಗ ಬೇರೆ ಸೀಮೆಯವನು. ‘ಕಟ್ಟ’ ಎಂಬುದನ್ನು ಕಂಡು, ಒಂದು ಗುಣಿತ ಬಿಟ್ಟುಹೋಗಿದೆಯೆಂದು ಬಗೆದು, ಒಂದೇ ಆಜ್ಞೆಯಿಂದ ಇಡೀ ಪುಸ್ತಕದಲ್ಲಿ ಅದನ್ನು ‘ಕಟ್ಟೆ’ಯಾಗಿಸಿದನು. ಅಧ್ಯಾಪಕರು ಮೊದಲ ಕರಡಿನಲ್ಲಿಯೇ ಇದನ್ನು ಹಿಡಿದು, ಬೇರೆ ತಿದ್ದುಪಡಿಗಳೊಂದಿಗೆ ಕಂತು ಕಂತಾಗಿ ‘ಕರಡು’ ವಿಳಾಸಕ್ಕೆ ಬರೆಯುತ್ತಿದ್ದರು. ಕರಡು ತಿದ್ದುವವರು ನಿವೃತ್ತರಾದುದು ಅವರಿಗೆ ತಿಳಿಯದು. ಎರಡನೆಯ ಕರಡು ಕಾಣುವ ಮೊದಲೇ ಅವರು ತೀರಿಕೊಂಡರು. ವರ್ಷಾಂತಿಕಕ್ಕೆ ಪುಸ್ತಕ ಹೊರಬರಬೇಕೆಂದು ಮಗ ಕೇಳಿಕೊಂಡಾಗ, ಇದ್ದ ಮೊದಲ ಕರಡನ್ನೇ ಅಚ್ಚಿಗೆ ಕಳುಹಿಸಲಾಯಿತು. 2023ರ ಆರಂಭದಲ್ಲಿ ಬಿಡುಗಡೆಯೂ ಆಯಿತು. ಸಭೆ ಮುಗಿದ ಮೇಲೆ ಒಬ್ಬ ವೃದ್ಧ ಕೃಷಿಕರು ಪುಸ್ತಕವನ್ನು ಮಗುಚುತ್ತ ಯಜಮಾನರನ್ನು ಕೇಳಿದರು: “ಮಾಷ್ಟ್ರು ಕಟ್ಟಕ್ಕೆ ಕಟ್ಟೆ ಅಂತ ಯಾಕೆ ಬರೆದರು?”

ಆ ಪ್ರಶ್ನೆಯನ್ನು ಯಜಮಾನರು ಮನೆಗೆ ಹೊತ್ತುಕೊಂಡು ಬಂದರು. ಹಳೆಯ ಪತ್ರಗಳನ್ನು ಹುಡುಕಿಸಿದಾಗ ಶನಿವಾರದ ಅಳಿಸುವಿಕೆ ಬೆಳಕಿಗೆ ಬಂತು. ತಪ್ಪು ದೊಡ್ಡ ಕಂಪನಿಯದಲ್ಲ. ಶುಲ್ಕ ಕೇಳುವುದು ಅದರ ಹಕ್ಕು, ಅಳಿಸಿದ್ದು ಇವರದೇ ಬೆರಳು. ಆದರೂ ಯಜಮಾನರ ಮನಸ್ಸು ಅಟ್ಟದ ಕಟ್ಟುಗಳ ಕಡೆಗೆ ಹೋಯಿತು. ಪತ್ರವು ತಮ್ಮ ಸೂರಿನ ಕೆಳಗೆ ಇದ್ದಿದ್ದರೆ ಎಂಬ ಒಂದೇ ಯೋಚನೆ ಅವರನ್ನು ಹಿಡಿದುಬಿಟ್ಟಿತು. ತರ್ಕದ ದೃಷ್ಟಿಯಿಂದ ಇದು ಅಷ್ಟೊಂದು ಗಟ್ಟಿಯಾದ ಮಾತಲ್ಲ. ಸೂರಿನ ಕೆಳಗಿದ್ದ ಪತ್ರಕ್ಕೂ ಗೆದ್ದಲು ಹತ್ತಿತ್ತು. ಆದರೆ ಮನುಷ್ಯರು ದೊಡ್ಡ ಕೆಲಸಗಳಿಗೆ ಕೈಹಾಕುವುದು ತರ್ಕ ಪೂರ್ತಿಯಾದ ಮೇಲೆಯೇ ಎಂದೇನೂ ಇಲ್ಲ. ಮುದ್ರಣಾಲಯದ ಮಿಂಚಂಚೆಯನ್ನು ಮುದ್ರಣಾಲಯದೊಳಗೇ ನಡೆಸಬೇಕೆಂದು ಅವರು ನಿಶ್ಚಯಿಸಿದರು.

ಆ ಕೆಲಸ ಬಿದ್ದುದು ಪುಟವಿನ್ಯಾಸದ ಯುವತಿಯೊಬ್ಬಳ ಹೆಗಲಿಗೆ. ಆಕೆ ಪದವಿಯಲ್ಲಿ ಐಚ್ಛಿಕ ಕನ್ನಡ ಓದಿದವಳು. ಯಂತ್ರದ ವಿದ್ಯೆಯನ್ನು ಕೆಲಸ ಮಾಡುತ್ತ ಮಾಡುತ್ತ ಕಲಿತವಳು. ಬೆಂಗಳೂರಿನಲ್ಲಿರುವ ಯಜಮಾನರ ಸೋದರಳಿಯ ದೂರವಾಣಿಯಲ್ಲಿ ಸಲಹೆ ಹೇಳುತ್ತಿದ್ದ. ಅವನ ಮೊದಲ ಸಲಹೆ “ಬೇಡ” ಎಂಬುದಾಗಿತ್ತು, ಮತ್ತು ಅದು ಅನುಭವದ ಮಾತಾಗಿತ್ತು. ಹಳೆಯ ಮೇಜುಗಣಕವೊಂದಕ್ಕೆ ಒಂದೇ ಅಳತೆಯ ಎರಡು ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಮೂಡುವಂತೆ ಮಾಡಲಾಯಿತು. ಅದರ ಮೇಲೆ ಡೆಬಿಯನ್ ಲಿನಕ್ಸ್, ಅದರೊಳಗೆ ಪತ್ರ ಸಾಗಿಸಲು ಪೋಸ್ಟ್‌ಫಿಕ್ಸ್, ಪತ್ರ ಜೋಪಾನಿಸಲು ಡವ್‌ಕಾಟ್. ಪೋಸ್ಟ್‌ಫಿಕ್ಸನ್ನು ವೀಟ್ಸೆ ವೆನೆಮಾ ಎಂಬ ಡಚ್ ವಿಜ್ಞಾನಿ ಐಬಿಎಂ ಸಂಸ್ಥೆಯಲ್ಲಿದ್ದಾಗ ಬರೆದು 1998ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟನು. ಡವ್‌ಕಾಟ್ ಫಿನ್‌ಲೆಂಡಿನ ಟಿಮೊ ಸಿರೈನೆನ್ ಎಂಬವನ ಕೃತಿ. ಎರಡಕ್ಕೂ ಬೆಲೆಯಿಲ್ಲ. ಮೊದಲನೆಯದು ಅಂಚೆಯಾಳು, ಎರಡನೆಯದು ಕಪಾಟು ಎಂದುಕೊಂಡರೆ ಸಾಕು. ಯಂತ್ರಕ್ಕೊಂದು ಹೆಸರು ಬೇಕಾದಾಗ ಆಕೆ ‘ಅಂಚೆ’ ಎಂದಿಟ್ಟಳು. ಹಳಗನ್ನಡ ಓದಿದವರಿಗೆ ಅಂಚೆಯೆಂದರೆ ಮೊದಲು ಹೊಳೆಯುವುದು ಹಂಸೆಯ ತದ್ಭವ, ಕಾಗದದ ಚೀಲ ಆ ಮೇಲಿನದು. ಧೂಳು ತಿಂದ ಆ ಪೆಟ್ಟಿಗೆಯಲ್ಲಿ ಹಂಸದ ಲಕ್ಷಣ ಯಾವುದೂ ಇರಲಿಲ್ಲ.

ಪತ್ರಗಳನ್ನು ಬರಮಾಡಿಕೊಳ್ಳುವುದು ಎಣಿಸಿದ್ದಕ್ಕಿಂತ ಸುಲಭವಾಯಿತು. ಡೊಮೈನಿನ ದಾಖಲೆಯಲ್ಲಿ ‘ಈ ಹೆಸರಿಗೆ ಬರುವ ಪತ್ರಗಳನ್ನು ಇಂಥ ಯಂತ್ರಕ್ಕೆ ಮುಟ್ಟಿಸಿರಿ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲನ್ನು ಬದಲಿಸಿ, ಬ್ರಾಡ್‌ಬ್ಯಾಂಡ್ ಕೊಡುವವರಿಂದ ಬದಲಾಗದ ಅಂಕೆಯ ವಿಳಾಸವೊಂದನ್ನು ವರ್ಷದ ಬಾಡಿಗೆಗೆ ಪಡೆದು, ಅವರು ಮುಚ್ಚಿಟ್ಟಿದ್ದ 25ನೆಯ ದ್ವಾರವನ್ನು ಅರ್ಜಿ ಬರೆದು ತೆರೆಸಿದ ಮೇಲೆ, ಮರುದಿನ ಬೆಳಗ್ಗೆಯೇ ಕಾಗದದ ವ್ಯಾಪಾರಿಯೊಬ್ಬರ ದರಪಟ್ಟಿ ಬಂದು ಬಿತ್ತು. ಎಲ್ಲರೂ ಪರದೆಯ ಮುಂದೆ ನಿಂತು ಆ ದರಪಟ್ಟಿಯನ್ನು ಮಗುವಿನ ಮುಖ ನೋಡುವಂತೆ ನೋಡಿದರು.

ಕಷ್ಟ ತಲೆಯೆತ್ತಿದ್ದು ಕಳುಹಿಸುವಲ್ಲಿ. ಆಕೆ ತನ್ನದೇ ಬೇರೊಂದು ವಿಳಾಸಕ್ಕೆ ಹಾಕಿದ ಮೊದಲ ಪತ್ರ ಕಸದ ಪೆಟ್ಟಿಗೆಗೆ ಹೋಯಿತು. ಎರಡನೆಯದನ್ನು ಇನ್ನೊಂದು ಸೇವೆ ಬಾಗಿಲಿನಲ್ಲಿಯೇ ತಿರಸ್ಕರಿಸಿತು. ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಿಂಚಂಚೆಯ ಸಾಗಣೆಯ ನಿಯಮಗಳನ್ನು ಜಾನ್ ಪೋಸ್ಟೆಲ್ ಬರೆದು ಪ್ರಕಟಿಸಿದ್ದು 1982ರಲ್ಲಿ. ಅಂದಿನ ಜಾಲವೆಂದರೆ ಸಂಶೋಧಕರ ಸಣ್ಣ ಬಳಗ. ಸುಳ್ಳು ಹೆಸರಿನಲ್ಲಿ ಪತ್ರ ಬರೆಯುವವನು ಬಂದಾನು ಎಂಬ ಶಂಕೆಗೆ ಅಲ್ಲಿ ಎಡೆಯಿರಲಿಲ್ಲ. ಆದ್ದರಿಂದ ‘ಇಂಥವರಿಂದ’ ಎಂಬ ಸಾಲಿನಲ್ಲಿ ಯಾರು ಯಾರ ಹೆಸರನ್ನು ಬರೆದರೂ ಪತ್ರ ಸಾಗುತ್ತಿತ್ತು. ಕನ್ನಡ ಓದಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ವಚನದ ಕೊನೆಯ ಅಂಕಿತ ಹೇಗೋ ಹಾಗೆಯೇ ಈ ಹೆಸರು. ‘ಕೂಡಲಸಂಗಮದೇವ’ ಎಂದು ಮುಗಿಸಿದ್ದೆಲ್ಲ ಬಸವಣ್ಣನವರದೇ ಎಂದು ನಂಬಲಾಗದೆ ಸಂಪಾದಕರು ಎಷ್ಟು ತಿಣುಕಿದ್ದಾರೆ ಎಂಬುದು ಗ್ರಂಥಸಂಪಾದನೆಯ ತರಗತಿಯಲ್ಲಿ ಕುಳಿತವರಿಗೆ ಗೊತ್ತು. ಪ್ರಕ್ಷಿಪ್ತದ ಹಾವಳಿ ಮಿಂಚಂಚೆಯಲ್ಲಿ ವಚನಗಳಿಗಿಂತ ಎಷ್ಟೋ ಪಾಲು ಮಿಗಿಲಾಯಿತು, ಅಷ್ಟೆ.

ಅದಕ್ಕೆ ಲೋಕವು ಒಂದೊಂದಾಗಿ ಕಂಡುಕೊಂಡ ಮದ್ದುಗಳು ಮೂರು. ಎಸ್‌ಪಿಎಫ್ ಎಂಬುದು ಒಂದು ಪಟ್ಟಿ: ಈ ಹೆಸರಿನ ಪತ್ರಗಳನ್ನು ತರಲು ಯಾವ ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬುದನ್ನು ಡೊಮೈನಿನ ಒಡೆಯನು ಬಹಿರಂಗವಾಗಿ ಬರೆದಿಡುವುದು. ಡಿಎಂಎಆರ್‌ಸಿ ಎಂಬುದು, ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಅದೇ ಒಡೆಯನು ಕೊಡುವ ಅಪ್ಪಣೆ. ಆ ಯುವತಿಯ ಮನಸ್ಸನ್ನು ಸೆಳೆದದ್ದು ಇವೆರಡರ ನಡುವಿನ ಡಿಕೆಐಎಂ. ಇದರಲ್ಲಿ ಕಳುಹಿಸುವ ಯಂತ್ರವು ಪತ್ರದ ಒಡಲನ್ನೂ ತಲೆಬರಹದ ಮುಖ್ಯ ಸಾಲುಗಳನ್ನೂ ಗಣಿತದಿಂದ ಹಿಂಡಿ, ತನ್ನಲ್ಲಿ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಮುದ್ರೆಯೊತ್ತುತ್ತದೆ. ಆ ಮುದ್ರೆಯನ್ನು ಪರೀಕ್ಷಿಸುವ ಇನ್ನೊಂದು ಕೀಲಿಯನ್ನು ಯಾರು ಬೇಕಾದರೂ ನೋಡುವಂತೆ ಡೊಮೈನಿನ ದಾಖಲೆಯಲ್ಲಿ ಇಟ್ಟಿರಲಾಗುತ್ತದೆ. ದಾರಿಯಲ್ಲಿ ಯಾರಾದರೂ ಪತ್ರದ ಒಂದು ಅಕ್ಷರವನ್ನು ಬದಲಿಸಿದರೆ ಮುದ್ರೆ ಒಡೆಯುತ್ತದೆ. ‘ಕಟ್ಟ’ವು ‘ಕಟ್ಟೆ’ಯಾದರೂ ಸಾಕು. ಲಿಪಿಕಾರರ ಕೈತಪ್ಪುಗಳ ನಡುವೆ ಮೂಲಪಾಠವನ್ನು ಅರಸಿ ಕಣ್ಣು ಕಳೆದುಕೊಂಡ ಸಂಪಾದಕರಿಗೆ ಇಂಥದೊಂದು ಮುದ್ರೆ ದೊರೆತಿದ್ದರೆ! ಆದರೆ ಅದರ ಮಿತಿಯನ್ನೂ ಗಮನಿಸಬೇಕು. ಪಾಠ ಬದಲಾಗಿದೆ ಎಂದು ಮುದ್ರೆ ಹೇಳುತ್ತದೆ; ಮೂಲಪಾಠ ಯಾವುದೆಂದು ಹೇಳುವುದಿಲ್ಲ.

ಮೂರೂ ಮದ್ದುಗಳನ್ನು ಕುಡಿಸಿದ ಮೇಲೂ ಪತ್ರಗಳು ಎಲ್ಲೆಡೆ ಮುಟ್ಟಲಿಲ್ಲ. ಅವರಿಗೆ ಬಾಡಿಗೆಗೆ ಸಿಕ್ಕಿದ ಅಂಕೆಯ ವಿಳಾಸದ ನೆರೆಹೊರೆ ಕೆಟ್ಟದ್ದಾಗಿತ್ತು. ಮನೆಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕಗಳಿಂದ ನೇರವಾಗಿ ಬರುವ ಪತ್ರವನ್ನು ನಂಬಬಾರದೆಂದು ಅಂಥ ವಿಳಾಸಗಳ ಸಾಲುಸಾಲುಗಳನ್ನೇ ನಮೂದಿಸಿದ ಪಟ್ಟಿಗಳಿವೆ. ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಟ್ಟಿ ಅವುಗಳಲ್ಲಿ ಹೆಸರಾದದ್ದು. ಇವರೇನೂ ತಪ್ಪು ಮಾಡಿರಲಿಲ್ಲ; ಬೀದಿಯ ಹೆಸರಿಗೆ ಕಳಂಕವಿತ್ತು. ಪಟ್ಟಿಯಿಂದ ಬಿಡಿಸಿಕೊಂಡ ಮೇಲೆ ಇನ್ನೊಂದು ತೊಡಕು ಎದುರಾಯಿತು. ಯಂತ್ರದ ಹೆಸರನ್ನು ಕೇಳಿದರೆ ಅಂಕೆ ದೊರೆಯಬೇಕು, ಅಂಕೆಯನ್ನು ಕೇಳಿದರೆ ಅದೇ ಹೆಸರು ದೊರೆಯಬೇಕು. ಎರಡೂ ಹೊಂದಿದರೆ ಮಾತ್ರ ಜಾಲವು ನಂಬುತ್ತದೆ. ಮೊದಲನೆಯ ದಾಖಲೆ ಇವರ ಕೈಯಲ್ಲಿದೆ, ಎರಡನೆಯದು ಅಂಕೆಯ ಭೂಮಾಲೀಕನಾದ ಬ್ರಾಡ್‌ಬ್ಯಾಂಡ್ ಸಂಸ್ಥೆಯ ಕೈಯಲ್ಲಿ. ತಮ್ಮ ಹೆಸರು ಇಂಥದ್ದೆಂದು ಇವರೆಷ್ಟು ಸಾರಿದರೂ, ನೆಲದ ಒಡೆಯನ ಕಡತದಲ್ಲಿ ಅದು ಬೇರೆಯಾಗಿದ್ದರೆ ಪ್ರಯೋಜನವಿಲ್ಲ. 1956ರ ನವೆಂಬರಿನಿಂದೀಚೆಗೆ ಕಾಸರಗೋಡಿನಲ್ಲಿ ಬಾಳಿದವರಿಗೆ ಇದು ತೀರ ಅಪರಿಚಿತವಾದ ಸ್ಥಿತಿಯಲ್ಲ ಎಂದು ಯಜಮಾನರು ನಕ್ಕರು. ಅರ್ಜಿಯ ಮೇಲೆ ಅರ್ಜಿ ಬರೆದು ಆ ಒಂದು ಸಾಲು ತಿದ್ದಿಸಲು ಏಳು ವಾರ ಹಿಡಿಯಿತು.

ಈ ನಡುವೆ ಒಂದು ಪೆಟ್ಟೂ ಬಿತ್ತು. ಶಾಲೆಯೊಂದರ ಅಮೃತಮಹೋತ್ಸವ ಸಂಚಿಕೆಗೆ ದರ ಕೇಳಿದ್ದರು. ಇವರು ಕಳುಹಿಸಿದ ದರಪತ್ರ ಅಲ್ಲಿನ ಕಸದ ಪೆಟ್ಟಿಗೆಯಲ್ಲಿ ಕುಳಿತಿತು. ಉತ್ತರವಿಲ್ಲವೆಂದು ಶಾಲೆಯವರು ಬೇರೆಡೆಗೆ ಕೊಟ್ಟರು. ಸಣ್ಣ ಮುದ್ರಣಾಲಯಕ್ಕೆ ಅದು ಎರಡು ತಿಂಗಳ ಸಂಬಳದ ಕೆಲಸ. ತಿರಸ್ಕೃತವಾದ ಪತ್ರ ಮರಳಿ ಬರುತ್ತದೆ, ಆಗ ಎಚ್ಚರವಾಗುತ್ತದೆ. ಕಸಕ್ಕೆ ಬಿದ್ದ ಪತ್ರ ಮುಟ್ಟಿತೆಂದೇ ದಾಖಲೆ ಹೇಳುತ್ತದೆ. ಸೋದರಳಿಯ “ಬೇಡ” ಎಂದದ್ದು ಇದಕ್ಕಾಗಿಯೇ. ಅದೇ ವರ್ಷ ಗೂಗಲ್ ಮತ್ತು ಯಾಹೂ ಸೇವೆಗಳು, 2024ರ ಫೆಬ್ರವರಿಯಿಂದ ಕಳುಹಿಸುವವರ ಗುರುತಿನ ಪರೀಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸುವುದಾಗಿ ಸಾರಿದವು. ಯಜಮಾನರು ಒಂದು ರಾತ್ರಿ ಯೋಚಿಸಿ ರಾಜಿಗೆ ಬಂದರು. ಬರುವ ಪತ್ರಗಳು ಮನೆಗೇ ಬರಲಿ, ಎಲ್ಲ ಪತ್ರಗಳೂ ಮನೆಯಲ್ಲೇ ಉಳಿಯಲಿ. ಹೋಗುವ ಪತ್ರಗಳನ್ನು ಮಾತ್ರ, ಒಳ್ಳೆಯ ಹೆಸರುಳ್ಳ ಸಾಗಣೆಯ ಸೇವೆಯೊಂದಕ್ಕೆ ಅಲ್ಪ ಹಣ ಕೊಟ್ಟು, ಅವರ ಬಾಗಿಲಿನಿಂದ ಕಳುಹಿಸೋಣ. ಪೂರ್ಣ ಸ್ವಾವಲಂಬನೆಯ ಹಟ ಹಿಡಿದವರಿಗೆ ಇದು ಸೋಲಾಗಿ ಕಂಡೀತು. ಹನ್ನೊಂದು ಮಂದಿಯ ಸಂಬಳ ಹೊಂದಿಸಬೇಕಾದವರಿಗೆ ಹಾಗೆ ಕಾಣಬೇಕಾದ್ದಿಲ್ಲ.

ಇನ್ನು ಹಳೆಯ ಪತ್ರಗಳನ್ನು ಮನೆಗೆ ತರುವ ಕೆಲಸ. ಉಳಿದಿದ್ದ ನಾಲ್ಕು ಖಾತೆಗಳಲ್ಲಿ ನಲವತ್ತು ಸಾವಿರದಷ್ಟು ಪತ್ರಗಳಿದ್ದವು. ರಾತ್ರಿಯ ಹೊತ್ತು ಯಂತ್ರವೇ ಅವನ್ನು ನಕಲು ಮಾಡುತ್ತ ಹೋಯಿತು. ಬೆಳಗ್ಗೆ ಬಂದು ಎಣಿಕೆ ತಾಳೆ ನೋಡುವುದಷ್ಟೆ ಆಕೆಯ ಪಾಲು. ಆದರೆ ತಾಳೆ ನೋಡಲು ತೆರೆದ ಪತ್ರಗಳು ಆಕೆಯನ್ನು ಬಿಡಲಿಲ್ಲ. ಮೊದಮೊದಲ ವರ್ಷಗಳ ಪತ್ರಗಳಲ್ಲಿ ಹಲವು ಪರದೆಯ ಮೇಲೆ ಕನ್ನಡವಾಗಿ ಮೂಡಲೇ ಇಲ್ಲ. ರೋಮನ್ ಅಕ್ಷರಗಳ ತಲೆಯ ಮೇಲೆ ಸೊಟ್ಟ ಗೆರೆ, ಚುಕ್ಕೆ, ಬಳ್ಳಿ. ಅವು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದವು. ಅಲ್ಲಿ ಯಂತ್ರದ ಒಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳೇ, ಅವುಗಳ ಮೇಲೆ ಕನ್ನಡದ ಚಿತ್ರವನ್ನು ಹೊದಿಸಿರಲಾಗುತ್ತದೆ. ಅಕ್ಷರಶೈಲಿ ಹೋದರೆ ಹೊದಿಕೆ ಹಾರಿಹೋಗುತ್ತದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ಅದರದೇ ಸಂಕೇತಗಳಿವೆ. ಹಾಗೆ ಬರೆದ ಪತ್ರಗಳು ಮಾತ್ರ ಹದಿನೈದು ವರ್ಷ ಕಳೆದರೂ ಕನ್ನಡವಾಗಿಯೇ ತೆರೆದುಕೊಂಡವು. ಹಳೆಯವನ್ನು ಪರಿವರ್ತಕವೊಂದರ ಮೂಲಕ ಹಾಯಿಸಿ, ಒತ್ತಕ್ಷರ ತಪ್ಪಿದಲ್ಲಿ ಕೈಯಿಂದ ತಿದ್ದಬೇಕಾಯಿತು.

ಯೂನಿಕೋಡಿನ ಕನ್ನಡಕ್ಕೂ ಮಿಂಚಂಚೆಯ ಹಾದಿ ಸಲೀಸಲ್ಲ. ‘ಕಾಸರಗೋಡು’ ಎಂಬ ಪದವನ್ನೇ ತೆಗೆದುಕೊಳ್ಳಿರಿ. ಕಣ್ಣಿಗೆ ಐದು ಅಕ್ಷರ. ಗುಣಿತದ ಚಿಹ್ನೆಗಳನ್ನು ಬೇರೆಯಾಗಿ ಎಣಿಸುವ ಯೂನಿಕೋಡಿಗೆ ಅದು 8 ಸಂಕೇತ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ 24 ಬೈಟು. ರೋಮನ್ ಅಕ್ಷರಗಳನ್ನಷ್ಟೆ ಬಲ್ಲ ಹಳೆಯ ಹಾದಿಯಲ್ಲಿ ಸಾಗಬೇಕಾದ್ದರಿಂದ, ಪತ್ರದ ವಿಷಯದ ಸಾಲಿನಲ್ಲಿ ಅದು ಬೇಸ್64 ಎಂಬ ವೇಷ ತೊಟ್ಟು 32 ಚಿಹ್ನೆಗಳಾಗುತ್ತದೆ. ಅಂಥ ವೇಷದ ಒಂದು ತುಂಡು 75 ಚಿಹ್ನೆಗಳನ್ನು ಮೀರಬಾರದೆಂಬ ಕಟ್ಟಳೆಯೂ ಇದೆ. ಕೆಟ್ಟದಾಗಿ ಬರೆದ ಹಳೆಯ ತಂತ್ರಾಂಶಗಳು ಆ ಕಟ್ಟಳೆಯನ್ನು ಪಾಲಿಸಲು ಹೋಗಿ ಅಕ್ಷರದ ನಡುವೆಯೇ ಕತ್ತರಿ ಹಾಕುತ್ತಿದ್ದವು. ಆಕೆಗೆ ಸಿಕ್ಕಿದ ಪತ್ರಗಳಲ್ಲಿ ಕೆಲವಕ್ಕೆ ವಿಷಯದ ಸಾಲಿನ ನಡುವೆ ಪ್ರಶ್ನೆಯ ಚಿಹ್ನೆ ಮೂಡಿದ್ದು ಹಾಗೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಇದಾವುದರ ಅರಿವೂ ಇರುವುದಿಲ್ಲ.

ಹುಡುಕುವಾಗ ಇನ್ನೊಂದು ಚೋದ್ಯ ಕಂಡಿತು. ‘ಸೂರ್ಯ’ ಎಂದು ಹುಡುಕಿದರೆ ಕೆಲವು ಪತ್ರಗಳು ಸಿಗುತ್ತವೆ, ಕಣ್ಣೆದುರಿಗೇ ಆ ಪದವಿರುವ ಬೇರೆ ಕೆಲವು ಸಿಗುವುದಿಲ್ಲ. ಅರ್ಕಾವೊತ್ತಿನಿಂದ ಬರೆಯುವುದಕ್ಕೂ ರಕಾರವನ್ನು ಮೇಲಿಟ್ಟು ಯಕಾರವನ್ನು ಕೆಳಗೆ ಒತ್ತಾಗಿ ಬರೆಯುವುದಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕದ ವ್ಯತ್ಯಾಸವಿದೆ. ಯಂತ್ರಕ್ಕೆ ಅವು ಎರಡು ಪದಗಳು. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ನೋಟಕ್ಕೆ ಎರಡೂ ಒಂದೇ. ಹುಡುಕುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ, ಕಾಣದ ಜೋಡಕಗಳನ್ನು ಕಳೆಯುವ ಸಣ್ಣದೊಂದು ಕ್ರಮವನ್ನು ಆಕೆ ಸೇರಿಸಿದಳು. ಪಾಠಾಂತರಗಳನ್ನು ಒಂದು ಮಾಡುವ ಕೆಲಸ ಎಂದು ಅದನ್ನು ಕರೆದಳು.

ಹಾಗೆ ಮಾಡಿ, ಯಾವ ನಿರೀಕ್ಷೆಯೂ ಇಲ್ಲದೆ ‘ಕಟ್ಟ’ ಎಂದು ಹುಡುಕಿದಾಗ ಒಂದು ಪತ್ರ ಎದ್ದುಬಂತು. ಯಜಮಾನರ ಪೆಟ್ಟಿಗೆಯಲ್ಲಿ, 2022ರ ಆರಂಭದ್ದು. ಅಧ್ಯಾಪಕರು ‘ಕರಡು’ ವಿಳಾಸಕ್ಕೆ ಬರೆದ ಮೊದಲ ಕಂತಿನ ಪ್ರತಿಯನ್ನು ಮರ್ಯಾದೆಗೆಂದು ಯಜಮಾನರಿಗೂ ಕಳುಹಿಸಿದ್ದರು. ಅದರ ಒಡಲು ನುಡಿಯ ಹಳೆಯ ಅಕ್ಷರಶೈಲಿಯಲ್ಲಿತ್ತು. ಗೆರೆ ಚುಕ್ಕೆಗಳ ಆ ಗೋಜಲನ್ನು ಕಂಡು, ಯಾವುದೋ ಕಸವೆಂದು ಬಗೆದು, ಅವರು ಓದದೆ ಬಿಟ್ಟಿದ್ದರು. ಪರಿವರ್ತಿಸಿದ ಮೇಲೆ ಅದು ಮೂರು ಫಾರಮುಗಳ, ಎಂದರೆ ಮೊದಲ 48 ಪುಟಗಳ ತಿದ್ದುಪಡಿಯಾಗಿ ಹೊರಬಂತು. ಪುಟ, ಸಾಲು, ತಪ್ಪು, ಒಪ್ಪು ಎಂದು ನಾಲ್ಕು ಅಂಕಣ. ಮೊದಲಿನಲ್ಲಿಯೇ ಅಧ್ಯಾಪಕರ ಟಿಪ್ಪಣಿ: ಕಟ್ಟೆಗೆ ನೀರು ನಿಲ್ಲುವುದು ಗೊತ್ತು, ಕಟ್ಟಕ್ಕೆ ನೀರನ್ನು ನಿಲ್ಲಿಸಿ ಬಿಡುವುದು ಗೊತ್ತು, ಆದ್ದರಿಂದ ಎರಡನ್ನೂ ಕೂಡಿಸಬಾರದು ಎಂಬ ಅರ್ಥದ್ದು. ಯಜಮಾನರು ಅದನ್ನು ನಿಂತೇ ಓದಿದರು. ಆ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಪುಸ್ತಕ ಹತ್ತು ಫಾರಮಿನದು. ಮಾರಾಟವಾಗದೆ ಉಳಿದಿದ್ದ ಪ್ರತಿಗಳಿಗೆ ಒಂದು ತಪ್ಪು-ಒಪ್ಪುಗಳ ಪಟ್ಟಿಯನ್ನು ಮುದ್ರಿಸಿ ಅಂಟಿಸಲಾಯಿತು. ‘ಕಟ್ಟೆ’ ಎಂದಿರುವಲ್ಲೆಲ್ಲ ‘ಕಟ್ಟ’ ಎಂದು ಓದಿಕೊಳ್ಳಬೇಕು ಎಂಬುದು ಅದರ ಮೊದಲ ಸಾಲು. ಹಾಗೆ ಬರೆದ ಮೇಲೆ, ಊರಿನ ಅಶ್ವತ್ಥಕಟ್ಟೆಯ ಮಾತು ಬರುವ ಎರಡು ಕಡೆಗಳನ್ನು ಹೊರತುಪಡಿಸಿ ಎಂದು ಸೇರಿಸಬೇಕಾಯಿತು. ಒಂದೇ ಆಜ್ಞೆಯ ತಪ್ಪನ್ನು ಇನ್ನೊಂದೇ ಆಜ್ಞೆಯಿಂದ ತಿದ್ದಲಾಗಲಿಲ್ಲ. 49ನೆಯ ಪುಟದಿಂದ ಮುಂದೆ ಅಧ್ಯಾಪಕರು ಮತ್ತೇನನ್ನು ತಿದ್ದಿದ್ದರೋ ತಿಳಿಯದು. ಪಟ್ಟಿಯ ಅಡಿಯಲ್ಲಿ ಅದನ್ನೂ ಅಚ್ಚಿಸಿ ಎಂದು ಮಗ ಹೇಳಿದರು, ಅಚ್ಚಿಸಿದರು.

ಯಂತ್ರ ಬಂದ ಮೇಲೆ ಮುದ್ರಣಾಲಯದ ದಿನಚರಿಗೆ ಹೊಸ ಕೆಲಸಗಳು ಸೇರಿವೆ. ತುಲಾಮಾಸದ ಸಂಜೆಗಳಲ್ಲಿ ಕಾಸರಗೋಡಿನ ಗುಡುಗು ಮಿಂಚುಗಳಿಗೆ ಲೆಕ್ಕವಿಲ್ಲ. ಮೊದಲ ವರ್ಷವೇ ಒಂದು ಸಿಡಿಲಿಗೆ ಮೋಡೆಮ್ ಸುಟ್ಟುಹೋಗಿ, ಎರಡೂವರೆ ದಿನ ಅಂಚೆಯಂತ್ರಕ್ಕೆ ಹೊರಲೋಕದ ಸಂಪರ್ಕವಿರಲಿಲ್ಲ. ಬಂದ ಪತ್ರಗಳೆಲ್ಲ ಹೋದವೆಂದು ಎಲ್ಲರೂ ಕೈಚೆಲ್ಲಿದರು. ಹೊಸ ಮೋಡೆಮ್ ಹಚ್ಚಿದ ಒಂದು ಗಂಟೆಯೊಳಗೆ ಅವು ಒಂದೊಂದಾಗಿ ಬರತೊಡಗಿದವು. ಬಾಗಿಲು ಮುಚ್ಚಿದ್ದರೆ ಮಿಂಚಂಚೆ ಕೂಡಲೆ ಸೋಲುವುದಿಲ್ಲ. ಕಳುಹಿಸುವ ಯಂತ್ರವು ಪತ್ರವನ್ನು ತನ್ನ ಸರದಿಯಲ್ಲಿ ಇರಿಸಿಕೊಂಡು ಮತ್ತೆ ಮತ್ತೆ ತಟ್ಟುತ್ತದೆ. ಪೋಸ್ಟ್‌ಫಿಕ್ಸಿನ ವಾಡಿಕೆ ಐದು ದಿನ. 1982ರ ಆ ಸಾಧುಗಳು ಮೋಸಗಾರರನ್ನು ಊಹಿಸಿರಲಿಲ್ಲ ಸರಿ, ಸಿಡಿಲನ್ನು ಮಾತ್ರ ಊಹಿಸಿದ್ದರು. ಅಂದಿನಿಂದ ಮೋಡ ಕವಿದ ಕೂಡಲೆ ತಂತಿ ಕಳಚುವುದು ರೂಢಿಯಾಗಿದೆ.

ಯಂತ್ರದ ದಿನವಹಿಯನ್ನು ತೆರೆದರೆ, ಲೋಕದ ಯಾವ ಯಾವುದೋ ಮೂಲೆಗಳಿಂದ ಗುಪ್ತಪದಗಳನ್ನು ಊಹಿಸಿ ಬಾಗಿಲು ತಳ್ಳುವವರ ಸಾಲು ರಾತ್ರಿಯಿಡೀ ನಡೆದಿರುತ್ತದೆ. ಮೂರು ಬಾರಿ ತಪ್ಪಿದವರನ್ನು ಹೊರಗಿಡುವ ಕಾವಲನ್ನು ಹಾಕಿದ್ದಾರೆ. ಪ್ರತಿ ಸಂಜೆ ಎಲ್ಲ ಪತ್ರಗಳ ನಕಲೊಂದು ಸಣ್ಣ ಡಿಸ್ಕಿಗೆ ಇಳಿದು, ಬಟ್ಟೆಯ ಚೀಲದಲ್ಲಿ ಯಜಮಾನರ ಮನೆಗೆ ಹೋಗುತ್ತದೆ. ಇನ್ನೊಂದು ತಿಂಗಳಿಗೊಮ್ಮೆ ಮಂಗಳೂರಿನ ನೆಂಟರಲ್ಲಿಗೆ. ಅಳಿಸುವ ಬೆರಳು ಇಂದಿಗೂ ಅದೇ ಬೆರಳು. ಅಳಿಸಿದ ಮೇಲೂ ಎರಡು ಕಡೆ ಉಳಿದಿರುತ್ತದೆ ಎಂಬುದಷ್ಟೆ ವ್ಯತ್ಯಾಸ. ಅಂಕೆಯ ಬಾಡಿಗೆ, ಬ್ಯಾಟರಿ, ಸಾಗಣೆಯ ಶುಲ್ಕ, ವಾರಕ್ಕೆ ಎರಡು ಗಂಟೆಯ ಆಕೆಯ ದುಡಿಮೆ, ಇವನ್ನೆಲ್ಲ ಕೂಡಿಸಿದರೆ ಒಂಬತ್ತು ವಿಳಾಸಗಳಿಗೆ ಆ ಕಂಪನಿಗೆ ಕೊಡಬೇಕಾಗಿದ್ದುದಕ್ಕಿಂತ ಕಡಿಮೆಯಾಗುವುದಿಲ್ಲ. ಯಜಮಾನರು ಈ ಲೆಕ್ಕವನ್ನೂ ಕಾಗದದ ಹಿಂಬದಿಯಲ್ಲಿ ಹಾಕಿದ್ದಾರೆ, ಆದರೆ ಯಾರಿಗೂ ತೋರಿಸುವುದಿಲ್ಲ.

ಆಕೆ ಕೆಲಸ ಬಿಟ್ಟರೆ ಗತಿಯೇನು ಎಂಬ ಪ್ರಶ್ನೆಯನ್ನು ಸೋದರಳಿಯ ಎತ್ತಿದ್ದ. ಅದಕ್ಕೆಂದು ಆಕೆ ನೂರು ಹಾಳೆಯ ನೋಟುಪುಸ್ತಕವೊಂದರಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ. ಯಾವ ಕಡತ ಎಲ್ಲಿದೆ, ಮುದ್ರೆಯ ಕೀಲಿಯನ್ನು ಬದಲಿಸುವುದು ಹೇಗೆ, ಯಂತ್ರ ಏಳದಿದ್ದರೆ ಮೊದಲು ಏನನ್ನು ನೋಡಬೇಕು. ಪದಗಳಿಗೆ ಆಕೆ ಒದ್ದಾಡಿದ ಕುರುಹು ಪುಟಪುಟದಲ್ಲಿದೆ. ‘ಕ್ಯೂ’ ಎಂದು ಬರೆದು ಹೊಡೆದುಹಾಕಿ ‘ಸರದಿ’ ಎಂದಿದ್ದಾಳೆ. ‘ಬೌನ್ಸ್’ ಎಂಬುದಕ್ಕೆ ಮೊದಲು ‘ಮರುಳಿಕೆ’ ಎಂದು ಬರೆದು, ಅದು ಬೇರೆ ಅರ್ಥ ಕೊಡುವುದನ್ನು ಕಂಡು ‘ಹಿಂಬರವು’ ಎಂದು ತಿದ್ದಿದ್ದಾಳೆ. ‘ಸರ್ವರ್’ ಮಾತ್ರ ಸರ್ವರ್ ಆಗಿಯೇ ಉಳಿದಿದೆ. ಆ ಪುಸ್ತಕವನ್ನು ಕಬ್ಬಿಣದ ಕಪಾಟಿನಲ್ಲಿ ಪಹಣಿ, ತೆರಿಗೆಯ ರಸೀದಿಗಳ ಜೊತೆಗೆ ಇಡಲಾಗಿದೆ.

ಹೊಸ ಯಂತ್ರದಲ್ಲಿ ಮೊದಲು ತೆರೆದ ವಿಳಾಸ ‘ಕರಡು’. ಕಳೆದ ಮಳೆಗಾಲದಲ್ಲಿ ಅಧ್ಯಾಪಕರ ಮಗ ತಂದೆಯ ಹಳೆಯ ಗಣಕದ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದುಕೊಟ್ಟರು. ಉಳಿದ ಏಳು ಫಾರಮುಗಳ ತಿದ್ದುಪಡಿ ಅದರೊಳಗೆ ಇದ್ದರೂ ಇದ್ದೀತು. ಹಚ್ಚಿದರೆ ಅದು ತಿರುಗುವುದಿಲ್ಲ, ಕಿಟಿಕಿಟಿ ಎಂದು ಸದ್ದು ಮಾಡಿ ನಿಲ್ಲುತ್ತದೆ. ಇಂಥವನ್ನು ತೆರೆದು ಓದಿಕೊಡುವವರು ಬೆಂಗಳೂರಿನಲ್ಲಿದ್ದಾರಂತೆ, ಆದರೆ ಖರ್ಚು ಹೆಚ್ಚು. ಸೋದರಳಿಯ ದೀಪಾವಳಿಗೆ ಬಂದಾಗ ಕೊಂಡೊಯ್ಯುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಅದು ಅಂಚೆಯಂತ್ರದ ತಲೆಯ ಮೇಲೆ, ಹಳೆಯ ಕೊಕ್ಕೆಯ ತಂತಿಯ ಕೆಳಗೆ, ಅದೇ ಪ್ಲಾಸ್ಟಿಕ್ಕಿನಲ್ಲಿ ಕುಳಿತಿದೆ.